ಹಳೇ ಕಾರ್ಡುಗಳ ಗೀರು ತೆಗೆಯುತ್ತ

ಕೆಲಸ ಬಿಟ್ಟು ಮನೆಯಲ್ಲಿ ಕುಳಿತ ಮೇಲೆ ನನ್ನ ಬೆಲೆ ಏರಿದೆ. ಅಂಗಡಿಯಲ್ಲಿದ್ದಾಗ ನನ್ನ ಕಡೆ ತಿರುಗಿಯೂ ನೋಡದವರು ಈಗ ಬಾಳೆಹಣ್ಣು ಹಿಡಿದುಕೊಂಡು ಮನೆಗೆ ಬರುತ್ತಾರೆ. ಮೊಬೈಲಿನಲ್ಲಿ ವಿಡಿಯೊ ನೋಡಿ, ಬಬಲ್‌ಗಮ್ ಪೊಟ್ಟಣದ ಹಳೇ ಚಿತ್ರದ ಕಾರ್ಡುಗಳ ಗೀರು ತೆಗೆದು ಸಾಹುಕಾರರಾಗಲು ಹೊರಟ ಹುಡುಗ ಹುಡುಗಿಯರು. "ರತ್ನಕ್ಕಾ, ಆ ಟ್ರಿಕ್ ಒಂದು ಹೇಳಿಕೊಟ್ಟುಬಿಡ್ರಿ" ಎನ್ನುತ್ತಾರೆ. ಅಂಥ ಟ್ರಿಕ್ ಏನೂ ಇಲ್ಲ. ನನ್ನ ಹತ್ತಿರ ಇದ್ದದ್ದು ಒಂದು ಭೂತಗನ್ನಡಿ, ಮೆತ್ತನೆಯ ಬಟ್ಟೆ, ಕುತ್ತಿಗೆ ನೋವು ಮತ್ತು ಪಂಪಣ್ಣ. ಮೊದಲಿನ ಎರಡನ್ನು ನೀವು ಕೊಂಡುಕೊಳ್ಳಬಹುದು, ಮೂರನೆಯದು ತಾನಾಗಿ ಬರುತ್ತದೆ. ಪಂಪಣ್ಣನಂಥ ಮಾಲೀಕರು ಮಾತ್ರ ಪ್ರತಿ ಊರಿನಲ್ಲೂ ಇರುತ್ತಾರೆ, ತಪ್ಪಿಸಿಕೊಳ್ಳಲು ಆಗುವುದಿಲ್ಲ. ಅದಕ್ಕೇ ಈ ಕೆಲಸ ನಿಜಕ್ಕೂ ಹೇಗಿತ್ತು ಎಂದು ಬರೆದಿಡುತ್ತಿದ್ದೇನೆ.

ನಾನು ಮೊದಲು ಹೊಸಪೇಟೆಯ ಒಂದು ಫೋಟೋ ಸ್ಟುಡಿಯೋದಲ್ಲಿ ಟಚಿಂಗ್ ಕೆಲಸ ಮಾಡುತ್ತಿದ್ದೆ. ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಆಡಿಸಿ ಮದುಮಕ್ಕಳ ಮೊಡವೆ, ಬೀಗರ ಕಣ್ಣಿನ ಕೆಳಗಿನ ಕಪ್ಪು ಎಲ್ಲವನ್ನೂ ಮಾಯ ಮಾಡುವುದು. ವರನ ಕಡೆಗೆ ಕಳಿಸುವ ಫೋಟೋಗಳೆಲ್ಲ ನನ್ನ ಕೈ ದಾಟಿಯೇ ಹೋಗುತ್ತಿದ್ದವು. ಅದರಿಂದ ಎಷ್ಟು ಸಂಬಂಧ ಕುದುರಿದವೋ, ಎದುರಿಗೆ ಮುಖ ಕಂಡ ಮೇಲೆ ಎಷ್ಟು ಮುರಿದವೋ, ದೇವರಿಗೇ ಗೊತ್ತು. ಆಮೇಲೆ ಕಂಪ್ಯೂಟರ್ ಬಂತು. ನಾನು ಅರ್ಧ ದಿನ ಕೂತು ತೆಗೆಯುತ್ತಿದ್ದ ಮಚ್ಚೆಯನ್ನು ಅದು ಒಂದು ಗುಂಡಿ ಒತ್ತುವುದರಲ್ಲಿ ತೆಗೆಯಿತು, ಮೂಗನ್ನೂ ಸ್ವಲ್ಪ ತಿದ್ದಿತು. ಸ್ಟುಡಿಯೋ ಮಾಲೀಕರು ನನಗೆ ಒಂದು ಗೋಡೆ ಗಡಿಯಾರ ಕೊಟ್ಟು ಕೈ ಮುಗಿದರು.

ಆಗ ಸೇರಿದ್ದು ಬಸ್ ನಿಲ್ದಾಣದ ಹತ್ತಿರದ ಪಂಪಣ್ಣನ ಜೆರಾಕ್ಸ್ ಮತ್ತು ಲ್ಯಾಮಿನೇಷನ್ ಅಂಗಡಿಗೆ. ಪಂಪಣ್ಣ ಕೆಟ್ಟವನಲ್ಲ. ಆದರೆ ಜಗತ್ತಿನ ಎಲ್ಲ ತೊಂದರೆಗೂ ಲ್ಯಾಮಿನೇಷನ್ನೇ ಮದ್ದು ಎಂದು ನಂಬಿದವನು. ಅಂಕಪಟ್ಟಿ, ರೇಷನ್ ಕಾರ್ಡು, ದೇವರ ಪಟ ಬಿಡಿ, ಮಗಳ ಮದುವೆಯ ಊಟದ ಬಾಳೆ ಎಲೆಯ ಒಂದು ತುಂಡನ್ನೂ ಲ್ಯಾಮಿನೇಟ್ ಮಾಡಿ ಗೋಡೆಗೆ ನೇತುಹಾಕಿದ್ದ. ಅದು ಒಳಗೊಳಗೇ ಕಪ್ಪಾಗಿ ಹೋಗಿತ್ತು. ಕೇಳಿದವರಿಗೆ "ಹಸಿರು ಇದ್ದಾಗ ಭಾಳ ಚಂದ ಇತ್ತು" ಎನ್ನುತ್ತಿದ್ದ.

ಒಂದು ದಿನ ಸಂಡೂರಿನ ಎರ್ರಿಸ್ವಾಮಿ ಎನ್ನುವವರು ಬಂದರು. ಅದಿರು ಲಾರಿಗಳ ಗುತ್ತಿಗೆದಾರರು, ದೊಡ್ಡ ಕುಳ. ಜೇಬಿನಿಂದ ಒಂದು ಪುಟ್ಟ ಕಾರ್ಡು ತೆಗೆದರು. ಅವರು ಹುಡುಗರಾಗಿದ್ದಾಗ ಬಬಲ್‌ಗಮ್ ಪೊಟ್ಟಣದೊಳಗೆ ಕ್ರಿಕೆಟ್ ಆಟಗಾರರ, ಕುಸ್ತಿ ಪೈಲ್ವಾನರ ಚಿತ್ರದ ಕಾರ್ಡುಗಳು ಬರುತ್ತಿದ್ದವಲ್ಲ, ಅಂಥದ್ದು. "ಇದಕ್ಕೊಂದು ಪ್ಲಾಸ್ಟಿಕ್ ಕವರ್ ಹಾಕಿ ಇಡ್ರಿ. ಮುಂಬೈಗೆ ಕಳಸಬೇಕು" ಎಂದು ಹೇಳಿ ಚಹಾ ಕುಡಿಯಲು ಹೋದರು. ತಿರುಗಿ ಬರುವಷ್ಟರಲ್ಲಿ ಪಂಪಣ್ಣ ಅದನ್ನು ಬಿಸಿ ಮಷಿನ್ನಿಗೆ ಕೊಟ್ಟು, ಸುತ್ತಲೂ ಅಂಚು ಬಿಟ್ಟು, ಮೂಲೆಗಳನ್ನು ದುಂಡಗೆ ಕತ್ತರಿಸಿ ಇಟ್ಟಿದ್ದ.

ಎರ್ರಿಸ್ವಾಮಿ ಅದನ್ನು ಹಿಡಿದು ನೋಡಿದರು. ಬಾಯಿ ತೆರೆದದ್ದು ಮುಚ್ಚಲಿಲ್ಲ.

"ಏನ್ ಮಾಡಿದೆಪಾ ಇದು?"

"ಕವರ್ ಹಾಕೀನ್ರಿ. ಇನ್ನ ತುಂಗಭದ್ರಾದಾಗ ಒಗದ್ರೂ ಏನೂ ಆಗಂಗಿಲ್ಲ."

"ಒಗಿಯೋದ ಉಳದೈತಿ ಈಗ" ಎಂದು ಅವರು ಸ್ಟೂಲಿನ ಮೇಲೆ ಕುಸಿದರು. ನೀರು ಕೊಟ್ಟ ಮೇಲೆ ನಮಗೆ ವಿಷಯ ತಿಳಿಸಿದರು. ಹೊರದೇಶದಲ್ಲಿ ಇಂಥ ಕಾರ್ಡುಗಳಿಗೆ ಅಂಕ ಕೊಡುವ ಕಂಪನಿಗಳಿವೆಯಂತೆ. ಮುಂಬೈಯ ಏಜೆಂಟನ ಕೈಗೆ ಕೊಟ್ಟರೆ ಅವನು ಕಳಿಸುತ್ತಾನೆ. ಅಲ್ಲಿ ಅಂಚು, ಮೂಲೆ, ಮೇಲ್ಮೈ ಎಲ್ಲ ನೋಡಿ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಿ ಗಟ್ಟಿ ಡಬ್ಬಿಯೊಳಗೆ ಸೀಲ್ ಮಾಡಿ ಕಳಿಸುತ್ತಾರೆ. ಅಂಕ ಒಂದು ಏರಿದರೆ ಬೆಲೆ ಎಷ್ಟೋ ಪಟ್ಟು. ಲ್ಯಾಮಿನೇಟ್ ಆದ ಕಾರ್ಡಿಗೆ ಅಲ್ಲಿ ಅಂಕವೂ ಇಲ್ಲ, ಗೌರವವೂ ಇಲ್ಲ.

ಬೇರೆ ಯಾರಾದರೂ ಆಗಿದ್ದರೆ ನಾಚಿಕೆಯಿಂದ ಅಂಗಡಿ ಮುಚ್ಚುತ್ತಿದ್ದರು. ಪಂಪಣ್ಣನ ಕಣ್ಣುಗಳು ಮಿನುಗಿದವು. ಎರ್ರಿಸ್ವಾಮಿ ಮೆಟ್ಟಿಲು ಇಳಿಯುವ ಮುಂಚೆಯೇ ನನ್ನ ಕಡೆ ತಿರುಗಿ, "ರತ್ನಕ್ಕಾ, ಮದಿಮಗಳ ಮೊಡವಿ ತೆಗದಾಕಿಗೆ ಕಾರ್ಡಿನ ಗೀರು ಯಾವ ಲೆಕ್ಕ?" ಎಂದ. ನನ್ನ ಎರಡನೆಯ ಉದ್ಯೋಗ ಶುರುವಾದದ್ದು ಹೀಗೆ.

ಕೆಲಸದ ಗುಟ್ಟು ಇಷ್ಟೇ. ಕಾರ್ಡಿನ ಬಣ್ಣದ ಮೇಲೆ ತೆಳ್ಳಗೆ ಒಂದು ಹೊಳಪಿನ ಪದರ ಇರುತ್ತದೆ. ಕಾರ್ಡನ್ನು ಬೆಳಕಿಗೆ ಓರೆ ಹಿಡಿದರೆ ಅದರ ಮೇಲಿನ ಬೆರಳ ಗುರುತು, ಜಿಡ್ಡು, ಕೂದಲೆಳೆಯಂಥ ಗೀರು ಕಾಣುತ್ತವೆ. ಜಿಡ್ಡನ್ನು ಬಾಯಿಯ ಆವಿ ಕೊಟ್ಟು ಮೆತ್ತನೆಯ ಬಟ್ಟೆಯಿಂದ ಒರೆಸಬಹುದು. ಬಾಗಿದ್ದನ್ನು ಎರಡು ಗಾಜಿನ ನಡುವೆ ಭಾರ ಹೇರಿ ನೇರ ಮಾಡಬಹುದು. ಗೀರು ತೀರ ತೆಳುವಾಗಿದ್ದರೆ ಹೊಳಪನ್ನು ನಿಧಾನ ತೀಡಿ ಕಣ್ಣಿಗೆ ಬೀಳದ ಹಾಗೆ ಮಾಡಬಹುದು, ಆದರೆ ಅಂಕ ಕೊಡುವವರ ದೀಪಕ್ಕೆ ಅದೂ ಒಮ್ಮೊಮ್ಮೆ ಸಿಕ್ಕಿಬೀಳುತ್ತದೆ. ಬಣ್ಣ ಹಚ್ಚಿದಿರೋ ಮುಗಿಯಿತು. ಅಂಕದ ಜಾಗದಲ್ಲಿ 'ತಿದ್ದಲಾಗಿದೆ' ಎಂದು ಬರೆದು ಕಳಿಸುತ್ತಾರೆ. ಆ ಮಾತು ಬಿದ್ದ ಕಾರ್ಡನ್ನು ಪುಕ್ಕಟೆ ಕೊಟ್ಟರೂ ಒಯ್ಯುವವರಿಲ್ಲ.

ಎರ್ರಿಸ್ವಾಮಿ ದೊಡ್ಡ ಮನಸ್ಸಿನವರು, ತಿಂಗಳು ಕಳೆದ ಮೇಲೆ ಇನ್ನಷ್ಟು ಕಾರ್ಡು ತಂದರು. ತಂದವರು ನನ್ನ ಕೈಗೆ ಕೊಡುವ ಮುಂಚೆ ಪ್ರತಿಯೊಂದನ್ನೂ ತಮ್ಮ ಕರವಸ್ತ್ರದಿಂದ ಪ್ರೀತಿಯಿಂದ ಉಜ್ಜುತ್ತಿದ್ದರು. ದಿನವಿಡೀ ಗಣಿ ರಸ್ತೆಯಲ್ಲಿ ಓಡಾಡುವವರ ಕರವಸ್ತ್ರ ಅದು, ಅದರ ತುಂಬ ಅದಿರಿನ ಕೆಂಪು ಧೂಳು. ಉಪ್ಪುಕಾಗದದಿಂದ ತಿಕ್ಕಿದರೂ ಅಷ್ಟು ಗೀರು ಬೀಳುತ್ತಿರಲಿಲ್ಲ. "ಬ್ಯಾಡ್ರಿ, ಒರಸಬ್ಯಾಡ್ರಿ" ಎಂದು ನಾನು ಕೂಗಿದರೆ, "ಹೊಲಸು ಕೊಡಬಾರದಲ್ಲಮ್ಮಾ" ಎಂದು ಇನ್ನೊಮ್ಮೆ ಉಜ್ಜುತ್ತಿದ್ದರು. ಅರ್ಧ ಗೀರುಗಳನ್ನು ನನ್ನ ಕಣ್ಣೆದುರಿಗೇ ಹಾಕಿ, ತೆಗೆಯಲು ನನಗೇ ಕೊಟ್ಟು, ತೆಗೆದ ಮೇಲೆ ನನ್ನ ಕೈಗುಣವನ್ನು ಹೊಗಳುತ್ತಿದ್ದರು. ಹೊಗಳಿಕೆಯನ್ನು ಬೇಡ ಎನ್ನುವಷ್ಟು ಸಂಬಳ ನನಗಿರಲಿಲ್ಲ.

ಗಿರಾಕಿಗಳು ಹೆಚ್ಚಿದರು. ತೋರಣಗಲ್ಲಿನ ಕಾರ್ಖಾನೆಯ ಹುಡುಗರು ಪಾಳಿ ಮುಗಿಸಿ ಬರುತ್ತಿದ್ದರು. ಪಂಪಣ್ಣ ಹಿಂದಿನ ಕೋಣೆಗೆ ಬಿಳಿ ಸುಣ್ಣ ಹೊಡೆಸಿ, ಎಲ್ಲಿಂದಲೋ ಒಂದು ಬಿಳಿ ಕೋಟು ತಂದು ತಾನೇ ತೊಟ್ಟುಕೊಂಡು, ಬಾಗಿಲಿಗೆ 'ಕಾರ್ಡು ಆಸ್ಪತ್ರೆ' ಎಂದು ಬೋರ್ಡು ಬರೆಸಿದ. ಕೆಲಸ ಮಾಡುವವಳು ನಾನು, ಕೋಟು ಅವನದು. ಬೋರ್ಡು ಹಾಕಿದ ವಾರದಲ್ಲೇ ವಡ್ಡು ಗ್ರಾಮದ ಒಬ್ಬ ಅಜ್ಜ ಸರಕಾರದ ಆರೋಗ್ಯ ಕಾರ್ಡು ಹಿಡಿದುಕೊಂಡು ಬಂದು ಬೆಂಚಿನ ಮೇಲೆ ಕೂತ.

"ಡಾಕ್ಟ್ರೇ, ಮೊಣಕಾಲು ಭಾಳ ನೋಯ್ತೈತ್ರಿ. ಕಾರ್ಡು ತಂದೀನಿ."

ಪಂಪಣ್ಣ ಕೋಟಿನ ಗತ್ತಿನಲ್ಲೇ ಕಾರ್ಡು ಇಸಿದುಕೊಂಡು ತಿರುಗಿಸಿ ನೋಡಿದ. "ಯಜಮಾನ್ರ, ಮೂಲಿ ಮಡಚೈತಿ. ಲ್ಯಾಮಿನೇಷನ್ ಮಾಡಸ್ರಿ."

"ಮಾಡಿಸಿದ್ರ ನೋವು ಹೋಗತೈತೇನ್ರಿ?"

ನಾನೇ ಎದ್ದು ಹೋಗಿ ಅಜ್ಜನನ್ನು ಸರಕಾರಿ ಆಸ್ಪತ್ರೆಯ ಆಟೋ ಹತ್ತಿಸಿ ಬಂದೆ.

ಇನ್ನು ಆ ಅಂಕಗಳ ಮಹಿಮೆ. ಪಾರ್ಸೆಲ್ ಕಳಿಸುವ ದಿನ ಪಂಪಣ್ಣ ಅದಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದು, ಊದುಬತ್ತಿ ಬೆಳಗುತ್ತಿದ್ದ. ಹೊರದೇಶದಲ್ಲಿ ಕನ್ನಡಕ ಹಾಕಿಕೊಂಡು ಕೂತವನ ಮನಸ್ಸು ಮೆತ್ತಗಾಗಲಿ ಎಂದು. ಒಂದು ಪೈಲ್ವಾನನ ಕಾರ್ಡಿಗೆ ಒಮ್ಮೆ ಏಳು ಬಂತು. ಮುಂಬೈಯ ಏಜೆಂಟ ಫೋನಿನಲ್ಲಿ, "ಡಬ್ಬಿ ಒಡೆದು ಇನ್ನೊಮ್ಮೆ ಕಳಿಸಿ" ಎಂದ. ನಾವು ಅದನ್ನು ಮುಟ್ಟದೆ, ಒರೆಸದೆ, ಹಾಗೇ ಕಳಿಸಿದೆವು. ಎಂಟೂವರೆ ಬಂತು. ಪಂಪಣ್ಣ ಅದು ತನ್ನ ಎರಡನೆಯ ತೆಂಗಿನಕಾಯಿಯ ಫಲ ಎಂದ. ನನಗೆ ನಮ್ಮ ಹಳೇ ಹೈಸ್ಕೂಲಿನ ಕನ್ನಡ ಮೇಷ್ಟ್ರು ನೆನಪಾದರು, ಊಟಕ್ಕೆ ಮುಂಚೆ ತಿದ್ದಿದ ಪೇಪರಿಗೂ ಊಟವಾದ ಮೇಲೆ ತಿದ್ದಿದ ಪೇಪರಿಗೂ ಅವರಲ್ಲಿ ಅಷ್ಟೇ ಅಂತರ ಇರುತ್ತಿತ್ತು.

ಹಂಪಿಯ ಹುಲುಗಪ್ಪನದು ಬೇರೆಯೇ ರಾಗ. ಅಲ್ಲಿ ಅವನದೊಂದು ಗೆಸ್ಟ್ ಹೌಸ್, ಪಕ್ಕದಲ್ಲಿ ಒಂದು ಪುಟ್ಟ ಅಂಗಡಿ. ಹಳೇ ಕಾರ್ಡುಗಳ ಹಾಗೇ ಹೊಸದಾಗಿ ಅಚ್ಚು ಹಾಕಿಸಿದ ಕಾರ್ಡುಗಳ ಕಟ್ಟು ತಂದು, "ಅಕ್ಕಾ, ಇವು ಭಾಳ ಸ್ವಚ್ಛ ಅದಾವು, ಒಬ್ರೂ ಒಯ್ಯವಲ್ರು. ಸ್ವಲ್ಪ ಹಾಳು ಮಾಡಿಕೊಡ್ರಿ" ಎಂದ. ಅವನು ಹುಟ್ಟಿ ಬೆಳೆದದ್ದೇ ಆ ಊರಿನಲ್ಲಿ. ಸೊಂಡಿಲು ಮುರಿದ ಆನೆಗೆ, ತಲೆ ಹೋದ ಮೂರ್ತಿಗೆ ಜನ ಟಿಕೆಟ್ ಕೊಂಡು ಸಾಲುಗಟ್ಟುವುದನ್ನು ನೋಡಿದವನಿಗೆ ನೆಟ್ಟಗಿರುವ ವಸ್ತುವಿನ ಮೇಲೆ ನಂಬಿಕೆ ಬರುವುದಾದರೂ ಹೇಗೆ? ನಾನು ಒಲ್ಲೆ ಎಂದೆ. ಪಂಪಣ್ಣ ಮಾತ್ರ ಒಪ್ಪಿಕೊಂಡು, ಚಹಾದ ನೀರಿನಲ್ಲಿ ಅದ್ದಿ ತಾರಸಿಯ ಮೇಲೆ ಒಣಹಾಕಿದ. ಮಂಗಗಳು ಬಂದು ಅರ್ಧ ಕಾರ್ಡುಗಳನ್ನು ಹರಿದವು, ಉಳಿದರ್ಧವನ್ನು ಕಚ್ಚಿ ಬಿಸಾಡಿದವು. ಕಚ್ಚಿದವನ್ನು ಹುಲುಗಪ್ಪ ಹೆಚ್ಚಿನ ಬೆಲೆಗೆ ಮಾರಿದನೆಂದು ಕೇಳಿದೆ.

ಇವೆಲ್ಲ ನಗುವ ಸಂಗತಿಗಳು. ಕಂಪ್ಲಿಯ ಅಣ್ಣತಮ್ಮಂದಿರ ಕಾರ್ಡು ಬಂದಾಗ ಮಾತ್ರ ನನಗೆ ನಗು ಬರಲಿಲ್ಲ, ಅಥವಾ ತಡವಾಗಿ ಬಂತು.

ಅಣ್ಣ ದೊಡ್ಡಬಸಪ್ಪ, ತಮ್ಮ ಸಣ್ಣಬಸಪ್ಪ. ಇಬ್ಬರೂ ತಲೆ ನರೆತವರು. ಆಸ್ತಿ ಪಾಲಾದಾಗ ಅಕ್ಕಿ ಗಿರಣಿ ಅಣ್ಣನಿಗೆ, ಕಾಲುವೆ ಪಕ್ಕದ ಗದ್ದೆ ತಮ್ಮನಿಗೆ ಎಂದು ಒಂದು ಏರುಮಾತಿಲ್ಲದೆ ಹಂಚಿಕೊಂಡವರು. ಊರವರು ಅವರನ್ನು ಕಂಡು ಕಲಿಯಿರಿ ಎನ್ನುತ್ತಿದ್ದರಂತೆ. ಆಮೇಲೆ ಅಟ್ಟದ ಟ್ರಂಕಿನಲ್ಲಿ ಹುಡುಗರಾಗಿದ್ದಾಗಿನ ಒಂದು ಕ್ರಿಕೆಟ್ ಕಾರ್ಡು ಸಿಕ್ಕಿತು. ಸಿಕ್ಕಾಗ ಯಾರಿಗೂ ಬೇಕಿರಲಿಲ್ಲ. ಅಳಿಯನೊಬ್ಬ ಮೊಬೈಲಿನಲ್ಲಿ ಅದರ ಬೆಲೆ ನೋಡಿ ಹೇಳಿದ ಗಳಿಗೆಯಿಂದ ಅದು ಇಬ್ಬರಿಗೂ ಬೇಕಾಯಿತು. ಮಾತು ನಿಂತಿತು. ಊರ ಹಿರಿಯರು ಪಂಚಾಯ್ತಿಗೆ ಕೂತರು.

ಕಾರ್ಡು ತಂದವರು ದೊಡ್ಡಬಸಪ್ಪ. ಬಿಳಿ ಉಡುಪಿನ ಬೌಲರ್, ಹಿಂದೆ ನೀಲಿ ಆಕಾಶ. "ಮೂಲೆ ಎಲ್ಲ ಚಲೋ ಅದಾವು. ಆಕಾಶದಾಗ ಒಂದು ಗೀರು ಐತಿ. ಅದು ಹೋದ್ರ ಒಂಬತ್ತು ಬರ್ತೈತಂತ" ಎಂದರು. ನಾನು ಓರೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ.

"ಇದು ಗೀರಲ್ರಿ. ಅಕ್ಷರ. 'ಸ' ಅಂತ ಕೊರದಾರ."

"ಗೀರ ಅದು" ಎಂದು ಅವರು ಗಂಟಲು ಸರಿಮಾಡಿಕೊಂಡರು. "ಅಳಸ್ರಿ."

ಕಂಪ್ಲಿಯಲ್ಲಿ ಯಾರು ಹೊಸಪೇಟೆಯ ಬಸ್ಸು ಹತ್ತಿದರು, ಯಾಕೆ ಹತ್ತಿದರು ಎನ್ನುವುದು ಬಸ್ಸು ಊರು ದಾಟುವ ಮುಂಚೆಯೇ ಎಲ್ಲರಿಗೂ ತಿಳಿದಿರುತ್ತದೆ. ಮರುದಿನವೇ ಸಣ್ಣಬಸಪ್ಪ ಬಂದರು. "ಅಮ್ಮಾ, ಕೈ ಮುಗಿತೀನಿ, ಅದನ್ನ ಅಳಸಬ್ಯಾಡ್ರಿ. 'ಸ' ಅಂದ್ರ ನಾನು. ಕಾರ್ಡು ನಂದು ಅನ್ನಾಕ ಅದೊಂದ ಸಾಕ್ಷಿ. ಆದ್ರ ಇನ್ನಷ್ಟು ಎದ್ದು ಕಾಣಂಗ ಮಾಡಿಕೊಡ್ರಿ."

ಪಂಪಣ್ಣ ಇಬ್ಬರ ಕೆಲಸವನ್ನೂ ಒಪ್ಪಿಕೊಂಡಿದ್ದ. "ಇದ್ಹೆಂಗ ಆಗತೈತಿ?" ಎಂದು ಕೇಳಿದರೆ, "ಒಬ್ರಿಗೆ ಕಾಣಬೇಕು, ಒಬ್ರಿಗೆ ಕಾಣಬಾರದು. ಅಷ್ಟು ಮಾಡಾಕ ಬರಂಗಿಲ್ಲೇನು ನಿನಗ?" ಎಂದು ನನ್ನನ್ನೇ ಕೇಳಿದ. ನಾನು ಅವನಿಗೆ ಹೇಳದೆ ಇಬ್ಬರಿಗೂ ಫೋನ್ ಮಾಡಿ, ಒಂದೇ ಹೊತ್ತಿಗೆ ಬರಹೇಳಿದೆ.

ಅಣ್ಣ ಬೆಂಚಿನ ಈ ತುದಿಗೆ, ತಮ್ಮ ಆ ತುದಿಗೆ ಕೂತರು. ಇಬ್ಬರೂ ಗೋಡೆಯ ಮೇಲಿನ ಬಾಳೆ ಎಲೆ ನೋಡುತ್ತಿದ್ದರು. ನಾನು ಕಾರ್ಡನ್ನು ದೀಪದ ಕೆಳಗಿಟ್ಟು, "ಇಬ್ರೂ ನೋಡ್ರಿ. ಏನು ಮಾಡಬೇಕು ಅಂತ ಒಂದ ಮಾತು ಹೇಳ್ರಿ" ಎಂದೆ.

ಸಣ್ಣಬಸಪ್ಪ ಮೊದಲು ನೋಡಿದರು. "ನೋಡ್ರಿ, ಎಷ್ಟು ದುಂಡಗ ಐತಿ ಅಕ್ಷರ. ನಾನ ಬರದಿದ್ದು."

"ನೀ ಬರದಿದ್ದಾ?" ದೊಡ್ಡಬಸಪ್ಪನಿಗೆ ತಡೆಯಲಾಗಲಿಲ್ಲ. "ಲೇ, ನಿನಗ ಆಗ 'ಸ' ಬರಿಯಾಕ ಎಲ್ಲಿ ಬರ್ತಿತ್ತು? ನೀ ಬರದ್ರ ಹುಳ ಹರದಂಗ ಇರ್ತಿತ್ತು. ನಾನ ಬರದಿದ್ದು ಅದು. ನಿನಗ ಜ್ವರ ಬಂದು ಮಲಗಿದ್ದಿ, ಊಟ ಒಲ್ಲೆ ಅಂತಿದ್ದಿ, ಅದಕ್ಕ ಕಾರ್ಡು ನಿನಗ ಕೊಟ್ಟು, ಮತ್ಯಾರೂ ಮುಟ್ಟಬಾರದು ಅಂತ ನಾನ ಮೊಳಿ ತಗೊಂಡು ಬರದೆ."

ಹೇಳಿ ಮುಗಿದ ಮೇಲೆ ತಾವು ಏನು ಹೇಳಿದೆವು ಎನ್ನುವುದು ಅವರಿಗೆ ಹೊಳೆಯಿತು. ಅಕ್ಷರ ತಮ್ಮದೆಂದು ಸಾಧಿಸಿ ಕಾರ್ಡನ್ನು ಬಿಟ್ಟುಕೊಟ್ಟಿದ್ದರು. ಸಣ್ಣಬಸಪ್ಪ ತಲೆ ತಗ್ಗಿಸಿದ್ದರು, ಅದು ಗೆಲುವಿಗೋ ಜ್ವರದ ನೆನಪಿಗೋ ತಿಳಿಯಲಿಲ್ಲ. ದೊಡ್ಡಬಸಪ್ಪ ಎದ್ದು ಚಪ್ಪಲಿ ಮೆಟ್ಟಿ, "ಅವಗ ಕೊಡ್ರಿ" ಎಂದು ಹೊರಟುಹೋದರು.

ನನ್ನ ಕಣ್ಣು ಒದ್ದೆಯಾಗಿತ್ತು. ಸೀರೆಯ ಸೆರಗಿನಿಂದ ಒರೆಸಿಕೊಳ್ಳುತ್ತಿರುವಾಗ ಸಣ್ಣಬಸಪ್ಪ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದರು.

"ಅಮ್ಮಾ, ಈಗ ನಂದ ಆತಲ್ಲ. ಆ ಅಕ್ಷರ ಅಳಸ್ರಿ. ಒಂಬತ್ತು ಬರ್ತೈತಂತ."

ನಾನು ಅವರ ಮುಖ ನೋಡಿದೆ. ತಮಾಷೆಗೆ ಹೇಳಿರಲಿಲ್ಲ. "ಇದು ಮೊಳಿಯಿಂದ ಕೊರದಿದ್ದು, ಆಳ ಐತಿ. ಅಳಸಾಕ ಹೋದ್ರ ಹೊಳಪೂ ಹೋಗತೈತಿ, ಅಲ್ಲಿಯವರಿಗೆ ಗೊತ್ತಾಗತೈತಿ. ನಾ ಅಂತೂ ಮುಟ್ಟಂಗಿಲ್ಲ" ಎಂದೆ. ಪಂಪಣ್ಣ ನಡುವೆ ಬಾಯಿ ಹಾಕಿ, "ನೀವು ಹೋಗಿ ಬರ್ರಿ ಸಾಹುಕಾರ್ರ, ನಾ ಅದೀನಿ" ಎಂದ.

ನಾನು ಗಂಗಾವತಿಯ ತಂಗಿಯ ಮನೆಗೆ ಹೋಗಿ ಬರುವಷ್ಟರಲ್ಲಿ ಅವನು ಬಿಳಿ ಕೋಟು ತೊಟ್ಟು, ಕಾರಿಗೆ ಹಚ್ಚುವ ಪಾಲಿಶ್ ತಂದು, ಆಕಾಶವನ್ನು ತಿಕ್ಕಿ ಮುಗಿಸಿದ್ದ. ಅಕ್ಷರ ಹೋಗಿತ್ತು. ಜೊತೆಗೆ ಹೊಳಪೂ ಹೋಗಿ, ಆ ಜಾಗ ಬೆಳ್ಳಗೆ ಮಂಕಾಗಿತ್ತು. "ಮೋಡ ಅಂದ್ಕೊಳ್ತಾರ ಬಿಡ" ಎಂದ. ತೆಂಗಿನಕಾಯಿ ಒಡೆದು ಕಳಿಸಿದ. ಅಲ್ಲಿಯವರು ಮೋಡ ಎಂದುಕೊಳ್ಳಲಿಲ್ಲ. ಎಷ್ಟೋ ತಿಂಗಳ ಮೇಲೆ ಡಬ್ಬಿ ಬಂತು, ಅಂಕದ ಜಾಗದಲ್ಲಿ 'ತಿದ್ದಲಾಗಿದೆ'.

ಸಣ್ಣಬಸಪ್ಪನಿಗೆ ಫೋನ್ ಮಾಡಿದೆ. ವಿಷಯ ಕೇಳಿದವರೇ, "ನೋಡ್ರಿ, ಮೂಲದಾಗ ಅದು ನಮ್ಮ ಅಣ್ಣಂದು. ಅವಗ ಕೊಟ್ಟುಬಿಡ್ರಿ" ಎಂದರು. ದೊಡ್ಡಬಸಪ್ಪನಿಗೆ ಮಾಡಿದೆ. "ನಂದ್ಯಾಕ ಆಗತೈತ್ರಿ? ನಿಮ್ಮ ಎದರಿಗೇ ಹೇಳೀನಲ್ಲ, ತಮ್ಮಗ ಕೊಟ್ಟೀನಿ ಅಂತ" ಎಂದರು. ಪಂಚಾಯ್ತಿಯ ಹಿರಿಯರು ಇನ್ನೊಮ್ಮೆ ಕೂಡಬೇಕಾಗಿತ್ತು, ಈ ಸಲ ಕಾರ್ಡು ಯಾರದಲ್ಲ ಎಂದು ತೀರ್ಮಾನಿಸಲು. ಅವರಿಗೂ ಸಾಕಾಗಿತ್ತು.

ಡಬ್ಬಿ ಕಪಾಟಿನಲ್ಲೇ ಉಳಿಯಿತು. ಕಣ್ಣು ಮಂಜಾಗುತ್ತ ಬಂದು ನಾನು ಕೆಲಸ ಬಿಡುತ್ತೇನೆ ಎಂದಾಗ ಪಂಪಣ್ಣ ಅದನ್ನೇ ಬಣ್ಣದ ಕಾಗದದಲ್ಲಿ ಸುತ್ತಿ ಕೊಟ್ಟು, "ಹೊರದೇಶದ ಸೀಲ್ ಐತಿ, ಜ್ವಾಕಿ" ಎಂದ. ಬಿಳಿ ಕೋಟನ್ನೂ ಕೊಡುತ್ತಾನೇನೋ ಎಂದು ನೋಡಿದೆ. ಕೊಡಲಿಲ್ಲ.

ಇತ್ತೀಚೆಗೆ ಒಂದು ಮಧ್ಯಾಹ್ನ ಸಣ್ಣಬಸಪ್ಪ ನಮ್ಮ ಮನೆಯ ಬಾಗಿಲಿಗೆ ಬಂದು ನಿಂತರು. ಹೊಸಪೇಟೆಯಲ್ಲಿ ಏನೋ ಕೆಲಸವಿತ್ತಂತೆ. "ಅದು ನಿಮ್ಮ ಕಡೆ ಐತಂತ. ಒಮ್ಮೆ ನೋಡ್ಲೇನ್ರಿ?" ಎಂದರು. ಕೊಟ್ಟೆ. ಬಾಗಿಲ ಬೆಳಕಿಗೆ ಓರೆ ಹಿಡಿದು ಬಹಳ ಹೊತ್ತು ನೋಡಿದರು. "ಪೂರಾ ಹೋಗೈತೇನ್ರಿ?" ಎಂದು ಕೇಳಿದರು. ಹೋಗಿದೆ ಎಂದೆ. ಚಹಾ ಕುಡಿದು, ಡಬ್ಬಿಯನ್ನು ಮೇಜಿನ ಮೇಲೆ ಇಟ್ಟು ಹೋದರು.

ಮುಂದಿನ ವಾರ ದೊಡ್ಡಬಸಪ್ಪ ಬಂದರು. ಅವರಿಗೂ ಹೊಸಪೇಟೆಯಲ್ಲಿ ಏನೋ ಕೆಲಸವಿತ್ತು. ಅದೇ ಕುರ್ಚಿಯಲ್ಲಿ ಕೂತು ಅದೇ ರೀತಿ ಓರೆ ಹಿಡಿದು ನೋಡಿದರು. ನಾನು ಚಹಾ ತಂದಿಟ್ಟೆ.

"ನಿಮ್ಮ ತಮ್ಮನೂ ಹೋದ ವಾರ ಬಂದಿದ್ರು" ಎಂದೆ.

ಅವರು ಡಬ್ಬಿಯ ಮೇಲೆ, ಅಕ್ಷರ ಇದ್ದ ಜಾಗದಲ್ಲಿ ಹೆಬ್ಬೆರಳು ಆಡಿಸುತ್ತ ಕೂತರು.

"ಹಿಂಗ ಒಬ್ಬೊಬ್ರಿಗೆ ಚಹಾ ಕಾಸಾಕ ನನಗಾಗಂಗಿಲ್ರಿ. ಇನ್ನೊಮ್ಮೆ ಬರೋದಾದ್ರ ಇಬ್ರೂ ಕೂಡೇ ಬರ್ರಿ."

ದೊಡ್ಡಬಸಪ್ಪ ಲೋಟ ಎತ್ತಿ ಒಂದು ಗುಟುಕು ಕುಡಿದರು. ಮುಖ ಕಿವುಚಿ, ಲೋಟವನ್ನು ಕೆಳಗಿಟ್ಟು, ನನ್ನನ್ನು ಗದರುವವರ ಹಾಗೆ ಕೇಳಿದರು.

"ಅವಗೂ ಇಷ್ಟ ಸಕ್ರಿ ಹಾಕಿ ಕೊಟ್ರೇನು? ಇನ್ನೊಮ್ಮೆ ಹಾಕಬ್ಯಾಡ್ರಿ. ಸಕ್ರಿ ಬ್ಯಾನಿ ಐತಿ ಅವಗ."